ಕೂಸು ಯಾರ ಕೈಯಲ್ಲಿ ಚೆನ್ನಾಗಿ ಉಣ್ಣುತ್ತದೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹಳ್ಳಿ ಮತ್ತು ತಾಂಡಾಗಳಲ್ಲಿ ನಾನು ಮಕ್ಕಳ ಪೋಷಣೆಯ ಕೆಲಸ ಮಾಡುತ್ತೇನೆ. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯ ಜೊತೆಗೂಡಿ ಮನೆಗಳಿಗೆ ಹೋಗಿ ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ತೆಗೆದುಕೊಳ್ಳುವುದು, ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಗುವಿನ ಮನೆಯವರೊಡನೆ ಕುಳಿತು ಮುಂದೇನು ಮಾಡಬಹುದೆಂದು ಮಾತನಾಡುವುದು ನನ್ನ ಪಾಲಿನ ಕೆಲಸ. ನಮ್ಮ ವಹಿಗಳಲ್ಲಿ ಕೊರತೆಯನ್ನು ಬರೆಯಲು ಬೇಕಾದಷ್ಟು ಕಾಲಂಗಳಿವೆ. ತೂಕ ಕಡಿಮೆ, ರಕ್ತ ಕಡಿಮೆ, ಲಸಿಕೆ ಬಾಕಿ ಎಂದು ಬರೆಯುತ್ತಾ ಹೋಗಬಹುದು. ಆ ಮನೆಯಲ್ಲಿ ಯಾರಿದ್ದಾರೆ, ಅವರು ಯಾವುದನ್ನು ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಬರೆಯಲು ಮಾತ್ರ ಎಲ್ಲಿಯೂ ಜಾಗವಿಲ್ಲ. ಆದ್ದರಿಂದ ನನ್ನ ಸ್ವಂತ ನೋಟುಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಕೆಳಗೆ ‘ಮನೆಯ ಬಲ’ ಎಂದು ಬರೆದು, ತೂಕದ ಯಂತ್ರವನ್ನು ಚೀಲದಿಂದ ಹೊರತೆಗೆಯುವ ಮೊದಲೇ ಆ ಜಾಗವನ್ನು ತುಂಬಿಸುವ ರೂಢಿ ಮಾಡಿಕೊಂಡೆ.

ಅದನ್ನು ತುಂಬಿಸಲು ನನಗೆ ಬಹಳ ನೆರವಾದದ್ದು ಒಂದೇ ಪ್ರಶ್ನೆ: “ನಿಮ್ಮ ಕೂಸು ಯಾರ ಕೈಯಾಗ ಚಲೋ ಉಣ್ತದ?” ಮಗುವಿಗೆ ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಮನೆಯವರು ನಾವು ಬಯಸುವ ಉತ್ತರವನ್ನು ಊಹಿಸಿ ಹೇಳುತ್ತಾರೆ, ಅವರಿಗೆ ಅದು ಪರೀಕ್ಷೆಯಂತೆ ಕಾಣುವುದು ಸಹಜ. ಯಾರ ಕೈಯಲ್ಲಿ ಉಣ್ಣುತ್ತದೆ ಎಂದು ಕೇಳಿದಾಗ ಎಲ್ಲರೂ ಮಾತಿಗೆ ಬರುತ್ತಾರೆ. ಅಜ್ಜನ ತೊಡೆಯ ಮೇಲಾದರೆ ಉಣ್ಣುತ್ತದೆ, ಸಣ್ಣಮ್ಮ ಬಂದರೆ ಎರಡು ತುತ್ತು ಹೆಚ್ಚು ಹೋಗುತ್ತದೆ, ಪಕ್ಕದ ಮನೆಯ ಮಕ್ಕಳ ಜೊತೆ ಕೂಡಿಸಿದರೆ ತಾನೇ ಕೈಹಾಕಿ ತಿನ್ನುತ್ತದೆ ಎಂಬ ಉತ್ತರಗಳು ಬರುತ್ತವೆ. ಮುಂದಿನ ಸಲಹೆಯನ್ನು ಯಾರಿಗೆ ಹೇಳಬೇಕು, ಯಾವ ಹೊತ್ತಿನ ಊಟಕ್ಕೆ ಸೇರಿಸಬೇಕು ಎಂಬುದೂ ಆ ಉತ್ತರದಿಂದಲೇ ತಿಳಿಯುತ್ತದೆ. ತಾಯಿಯೊಬ್ಬಳನ್ನೇ ಗುರಿಮಾಡಿ ಹೇಳುವ ಸಲಹೆ, ಹೊತ್ತು ಮೂಡುವ ಮೊದಲೇ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟಂತಾಗುತ್ತದೆ.

ಈ ಭಾಗದಲ್ಲಿ ಗುಳೆಯ ಮಾತು ತೆಗೆಯದೆ ಮಕ್ಕಳ ಆರೋಗ್ಯದ ಮಾತು ಮುಗಿಯುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತ ಬೆಳೆಸುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳ ಜನ ಸುಗ್ಗಿ ಮುಗಿದೊಡನೆ ಬೆಂಗಳೂರು, ಮಂಗಳೂರು, ಗೋವಾ, ಪುಣೆ ಎಂದು ದುಡಿಯಲು ಹೊರಡುತ್ತಾರೆ. ಎಷ್ಟೋ ಮಕ್ಕಳು ಆಗ ಅಜ್ಜಿಯ ಕೈಯಲ್ಲಿ ಉಳಿಯುತ್ತವೆ. ಸರ್ಕಾರಿ ಕಾಗದದಲ್ಲಿ ಇಂಥ ಮಗು ‘ಪೋಷಕರಿಲ್ಲದ’ ಸ್ಥಿತಿಯದಾಗಿ ಕಂಡರೂ ಅಜ್ಜಿಯಂಥ ಬಲ ಇನ್ನೊಂದಿಲ್ಲವೆಂದು ನಾನು ಹೇಳುತ್ತೇನೆ. ಆಕೆಗೆ ಹೊತ್ತು ಇದೆ, ತಾಳ್ಮೆ ಇದೆ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಹಾಡಿ ಮಲಗಿಸಿ, ಎದ್ದ ಮೇಲೆ ಮಾತಾಡಿಸುತ್ತಾ ಉಣಿಸುವುದನ್ನು ಯಾರೂ ಆಕೆಗೆ ಕಲಿಸಬೇಕಾಗಿಲ್ಲ. ಮಗುವಿನ ಮುಖ ನೋಡಿ, ಅದರ ಹಸಿವು ಮತ್ತು ಸಾಕೆನ್ನುವ ಸನ್ನೆಗಳಿಗೆ ಸ್ಪಂದಿಸುತ್ತಾ ಉಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಈ ಅಜ್ಜಿಯರು ಹಿಂದಿನಿಂದಲೂ ಮಾಡುತ್ತಾ ಬಂದಿದ್ದಾರೆ. ನಾನು ಅದನ್ನು ಅವರ ಮುಂದೆಯೇ ಬಾಯಿಬಿಟ್ಟು ಹೇಳುತ್ತೇನೆ. ಮಾತು ಅಲ್ಲಿಂದ ಶುರುವಾದಾಗ ಮುಂದಿನ ಒಂದು ಸಣ್ಣ ಬದಲಾವಣೆಗೆ ಅವರು ಸುಲಭವಾಗಿ ಒಪ್ಪುತ್ತಾರೆ.

ಆ ಬದಲಾವಣೆ ಬಹುತೇಕ ಗಟ್ಟಿತನದ್ದು. ಆರು ತಿಂಗಳು ತುಂಬಿದ ಕೂಸಿಗೆ ನಮ್ಮಲ್ಲಿ ತೆಳ್ಳನೆಯ ಗಂಜಿ, ಅಂಬಲಿ, ಬೇಳೆಯ ತಿಳಿ ಕುಡಿಸುವ ವಾಡಿಕೆಯಿದೆ. ಆದರೆ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಅದರ ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಗ್ರಾಂ ಮಾತ್ರ. ಎಂಟು ಕಿಲೋ ತೂಗುವ ಮಗುವಿಗೆ ಒಂದು ದೊಡ್ಡ ಬಟ್ಟಲಿನಷ್ಟು. ಆ ಜಾಗವನ್ನೆಲ್ಲ ನೀರೇ ತುಂಬಿದರೆ ಹೊಟ್ಟೆ ತುಂಬಿದರೂ ಮೈ ತುಂಬುವುದಿಲ್ಲ. ಚಮಚವನ್ನು ಓರೆ ಮಾಡಿದರೂ ಸುರಿದುಹೋಗದಷ್ಟು ಗಟ್ಟಿಯಾಗಿ ಅದೇ ಜೋಳದ ಹಿಟ್ಟನ್ನು ಕುದಿಸಿ, ಅದಕ್ಕೆ ನುಣ್ಣಗೆ ಕುಟ್ಟಿದ ಶೇಂಗಾ ಮತ್ತು ಒಂದು ಚಮಚ ಎಣ್ಣೆ ಬೆರೆಸುವುದನ್ನು ನಾವು ಆ ಮನೆಯ ಒಲೆಯ ಮೇಲೆಯೇ ಮಾಡಿ ನೋಡುತ್ತೇವೆ. ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಇಲ್ಲದ ಮನೆ ಈ ಕಡೆ ಸಿಗುವುದು ಅಪರೂಪ. ಖಾರ ಹಾಕುವ ಮೊದಲು ಕೂಸಿನ ಪಾಲನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟರೆ ಸಾಕು. ಇಡೀ ಶೇಂಗಾ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪುಡಿಯನ್ನೇ ಬಳಸಬೇಕೆಂದು ತಪ್ಪದೆ ಹೇಳುತ್ತೇನೆ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಹಿಚುಕುವುದು, ಹೆಸರುಕಾಳು, ಪುಂಡಿಪಲ್ಯ, ನುಗ್ಗೆ ಸೊಪ್ಪು ಇವೆಲ್ಲ ಮನೆಯಲ್ಲಿ ಇರುವಂಥವೇ. ಮೊಟ್ಟೆ ತಿನ್ನುವ ಮನೆಯಲ್ಲಿ ಮೊಟ್ಟೆಯ ಮಾತಾಡುತ್ತೇನೆ. ತಿನ್ನದ ಮನೆಯಲ್ಲಿ ಒತ್ತಾಯ ಮಾಡದೆ ಹಾಲು, ಮೊಸರು, ಕಾಳುಗಳಿಂದಲೇ ದಾರಿ ಹುಡುಕುತ್ತೇನೆ.

ಒಂದು ತಾಂಡಾದಲ್ಲಿ ಅಕ್ಕಪಕ್ಕದ ಎರಡು ಮನೆಗಳಿದ್ದವು. ಇಬ್ಬರದೂ ಒಂದೇ ಬಗೆಯ ಕೂಲಿ, ಒಂದೇ ಪಡಿತರ. ತೋಳಿನ ಸುತ್ತಳತೆ ತೆಗೆಯುವ ಬಣ್ಣದ ಪಟ್ಟಿ ಒಂದು ಮನೆಯ ಮಗುವಿಗೆ ಹಳದಿಯಲ್ಲಿ, ಅಂದರೆ ಮಧ್ಯಮ ಅಪೌಷ್ಟಿಕತೆಯಲ್ಲಿ ನಿಂತರೆ, ಇನ್ನೊಂದರದು ಸರಿಯಾದ ಬೆಳವಣಿಗೆಯ ಹಸಿರಿನಲ್ಲಿತ್ತು. ಹಸಿರಿನ ಮನೆಯ ತಾಯಿ ಮಗುವಿಗೆ ಬೇರೆ ತಟ್ಟೆ ಇಟ್ಟಿದ್ದಳು, ಆದ್ದರಿಂದ ಅದು ಎಷ್ಟು ತಿಂದಿತೆಂಬುದು ಆಕೆಗೆ ಕಣ್ಣಿಗೆ ಕಾಣುತ್ತಿತ್ತು. ಭೇದಿಯಾದಾಗಲೂ ಊಟ ನಿಲ್ಲಿಸದೆ ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ ಉಣಿಸುತ್ತಿದ್ದಳು. ನಾನು ಹೇಳಬಹುದಾಗಿದ್ದ ಮಾತುಗಳನ್ನು ಆಕೆಯೇ ನೆರೆಯವಳಿಗೆ ಲಂಬಾಣಿಯಲ್ಲಿ ಹೇಳಿದಳು, ತನ್ನ ಅಡುಗೆಮನೆಯಲ್ಲಿ ತೋರಿಸಿದಳು. 1990ರ ದಶಕದ ಆರಂಭದಲ್ಲಿ ವಿಯೆಟ್ನಾಮಿನ ಹಳ್ಳಿಗಳಲ್ಲಿ ಜೆರ್ರಿ ಮತ್ತು ಮೊನಿಕ್ ಸ್ಟರ್ನಿನ್ ದಂಪತಿ ಇದೇ ದಾರಿ ಹಿಡಿದಿದ್ದರು: ಬಡವರಾಗಿದ್ದರೂ ಮಕ್ಕಳನ್ನು ಗಟ್ಟಿಮುಟ್ಟಾಗಿ ಬೆಳೆಸಿದ ಮನೆಗಳನ್ನು ಊರವರಿಂದಲೇ ಹುಡುಕಿಸಿದಾಗ, ಗದ್ದೆಯ ಸಣ್ಣ ಸೀಗಡಿ, ಏಡಿ ಮತ್ತು ಗೆಣಸಿನ ಸೊಪ್ಪನ್ನು ಆ ತಾಯಂದಿರು ಮಕ್ಕಳ ಅನ್ನಕ್ಕೆ ಬೆರೆಸುತ್ತಿದ್ದದ್ದು ತಿಳಿದುಬಂತು. ನಮ್ಮ ಊರುಗಳಲ್ಲಿಯೂ ಅಂಥ ಮನೆಗಳಿವೆ, ಹುಡುಕುವ ವ್ಯವಧಾನ ನಮಗಿರಬೇಕು.

ತಂದೆಯರ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವು ಸಹೋದ್ಯೋಗಿಗಳಿಗೆ ಹಿಡಿಸುವುದಿಲ್ಲ. ಸಂಜೆ ಕೆಲಸದಿಂದ ಬಂದ ತಂದೆ ಮಗುವನ್ನು ಬೈಕಿನ ಮೇಲೆ ಕೂಡಿಸಿಕೊಂಡು ಅಂಗಡಿಗೆ ಹೋಗಿ ಕುರುಕಲು ತಿಂಡಿಯ ಪೊಟ್ಟಣ ಕೊಡಿಸುತ್ತಾನೆ. ಆ ಪೊಟ್ಟಣ ಮಗುವಿನ ಹಸಿವನ್ನು ಕೊಲ್ಲುತ್ತದೆ, ನಿಜ. ಆದರೆ ದಿನವೆಲ್ಲ ದುಡಿದ ಗಂಡಸು ಮಗುವಿಗಾಗಿ ಮೀಸಲಿಟ್ಟ ಆ ಅರ್ಧ ಗಂಟೆ ಮತ್ತು ಆ ಹತ್ತು ರೂಪಾಯಿ, ಎರಡೂ ಬಲಗಳೇ. ಅದೇ ಅಂಗಡಿಯಲ್ಲಿ ಬಾಳೆಹಣ್ಣು, ಹುರಿಗಡಲೆ, ಮೊಟ್ಟೆಯೂ ಇರುತ್ತವೆ. ಹುರಿಗಡಲೆಯನ್ನು ಪುಡಿಮಾಡಿ ಕೊಟ್ಟರೆ ಸಣ್ಣವರಿಗೂ ಆಗುತ್ತದೆ. ನಡೆ ಅದೇ ಇರಲಿ, ಕೊಳ್ಳುವ ವಸ್ತು ಬದಲಾಗಲಿ ಎಂದು ನಾನು ತಂದೆಗೇ ನೇರವಾಗಿ ಹೇಳುತ್ತೇನೆ.

ಹಾಗೆಂದು ಮನೆ ಹೇಗೋ ನಡೆಯುತ್ತಿದೆ ಎಂಬುದನ್ನೆಲ್ಲ ಬಲವೆಂದು ಬರೆದುಕೊಳ್ಳಲು ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಹುಡುಗಿ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ತಿರುಗುತ್ತಿದ್ದರೆ ಆಕೆಯ ಜಾಣ್ಮೆಯನ್ನು ಹೊಗಳಿ ಬರುವುದು ಆಕೆಗೆ ಮಾಡುವ ಅನ್ಯಾಯ. ಅಂಥಲ್ಲಿ ನೆಂಟರಲ್ಲಿ ಬೇರೆ ಯಾರು ಹೊತ್ತು ಕೊಡಬಲ್ಲರು, ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಂಚಾಯಿತಿಯ ‘ಕೂಸಿನ ಮನೆ’ ತೆರೆದಿದೆಯೇ, ತಮ್ಮನನ್ನು ಅಂಗನವಾಡಿಯಲ್ಲಿ ಕೂಡಿಸಬಹುದೇ ಎಂದು ವಿಚಾರಿಸುತ್ತೇನೆ. ಕುಟುಂಬದ ಬಲವನ್ನು ನೆಚ್ಚಿದ ಮಾತ್ರಕ್ಕೆ ಸರ್ಕಾರದ ಹೊಣೆ ಕಡಿಮೆಯಾಗುವುದೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿದಂತೆ ಈ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದು, 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರತೊಡಗಿದ್ದು ನಮ್ಮ ಮಾತಿಗೆ ನೆಲೆ ಕೊಟ್ಟಿವೆ. ಯಜಮಾನಿ ಅಜ್ಜಿಯೇ ಆಗಿರುವ ಮನೆಯಲ್ಲಿ ಉಣಿಸುವ ಕೈ ಮತ್ತು ಹಣವಿರುವ ಕೈ ಒಂದೇ ಆಗಿರುವುದು ಎಷ್ಟು ದೊಡ್ಡ ಅನುಕೂಲವೆಂದು ಕಣ್ಣಾರೆ ಕಂಡಿದ್ದೇನೆ.

ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅದರ ಜೊತೆಗೆ ಮಗು ಉಣ್ಣಲು ಒಲ್ಲೆನ್ನುತ್ತಿದ್ದರೆ, ಜ್ವರ, ಭೇದಿಯಂಥ ಕಾಯಿಲೆಯಿದ್ದರೆ, ಅಥವಾ ತೋಳಿನ ಅಳತೆ ಎಷ್ಟೇ ಇರಲಿ, ಎರಡೂ ಪಾದಗಳಲ್ಲಿ ಬಾವು ಕಂಡರೆ ಮನೆಯ ಊಟದ ಮಾತು ನಿಲ್ಲಿಸಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದ ಮಾತು ತೆಗೆಯಬೇಕು. ಅಲ್ಲಿಯೂ ಮನೆಯವರ ನೆರವಿಲ್ಲದೆ ನಡೆಯುವುದಿಲ್ಲ. ತಾಯಿ ಅಷ್ಟು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ಮಿಕ್ಕ ಮಕ್ಕಳಿಗೆ ಯಾರು ಉಣಿಸಬೇಕು, ಎಮ್ಮೆಗೆ ಯಾರು ನೀರು ಇಡಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅತ್ತಿಗೆ, ಮಾವ, ನೆರೆಯವರನ್ನು ಕೂಡಿಸಿಕೊಂಡು ಅದನ್ನು ಅವರ ಬಾಯಿಂದಲೇ ಹೇಳಿಸಿದ ಮೇಲೆ ಹೊರಟ ತಾಯಿ, ಚಿಕಿತ್ಸೆ ಮುಗಿಯುವವರೆಗೆ ಧೈರ್ಯವಾಗಿ ಇರುತ್ತಾಳೆ.

ಮಕ್ಕಳನ್ನು ಜೊತೆಗೇ ಕರೆದುಕೊಂಡು ಗುಳೆ ಹೋಗುವ ಮನೆಗಳಿಗಾಗಿ ಈಗ ಹೊರಡುವ ಮುಂಚಿನ ಭೇಟಿಯನ್ನು ಬೇರೆಯಾಗಿಯೇ ಮಾಡುತ್ತಿದ್ದೇನೆ. ಲಸಿಕೆ, ತೂಕದ ವಿವರವಿರುವ ತಾಯಿ ಕಾರ್ಡು ಬಟ್ಟೆಯ ಗಂಟಿನಲ್ಲಿ ಸೇರಿದೆಯೇ ಎಂದು ನೋಡಿ, ಹೋದ ಊರಿನ ಅಂಗನವಾಡಿಯಲ್ಲಿ ಅಂಗನವಾಡಿಗಳು ಬಳಸುವ ಪೋಷಣ್ ಟ್ರ್ಯಾಕರ್ ಆ್ಯಪ್ ಮೂಲಕ ಹೆಸರು ವರ್ಗಾಯಿಸಿಕೊಳ್ಳಬಹುದೆಂದು ತಿಳಿಸಿ, ಭೇದಿಯಾದರೆ ಕೊಡಲು ಓಆರ್‌ಎಸ್ ಪೊಟ್ಟಣ ಮತ್ತು ಸತುವಿನ ಮಾತ್ರೆಗಳನ್ನು ಆಶಾ ಕಾರ್ಯಕರ್ತೆಯಿಂದ ಕೊಡಿಸುತ್ತೇನೆ. ಒಂದೇ ಗುಂಪಿನಲ್ಲಿ ಹೊರಡುವ ಹೆಂಗಸರಲ್ಲಿ ಕಟ್ಟಡದ ಕೆಲಸಕ್ಕೆ ಇಳಿಯದೆ ಶೆಡ್ಡಿನಲ್ಲಿ ಉಳಿಯುವ ಹಿರಿಯಳು ಯಾರೆಂದು ಕೇಳಿ, ಹಿಂಡಿಯ ಡಬ್ಬಿಯನ್ನೂ ಉಣಿಸುವ ವೇಳೆಯನ್ನೂ ಆಕೆಗೆ ಒಪ್ಪಿಸಿ, ಆಕೆಯ ಫೋನ್ ನಂಬರನ್ನು ‘ಮನೆಯ ಬಲ’ದ ಕೆಳಗೆ ಬರೆದುಕೊಳ್ಳುತ್ತೇನೆ.