ಉಪ್ಪಿನಲ್ಲಿ ನಡೆಯಲ್ಲ ಅಂದರು

ಜೊಲ್ಲಿನಲ್ಲಿರುವ ಹಿಸ್ಟಾಟಿನ್-5 ಅನ್ನೋ ಪುಟ್ಟ ಪ್ರೋಟೀನ್ ಇಟ್ಟುಕೊಂಡು ಕ್ಯಾಂಡಿಡಾ ಫಂಗಸ್ಸಿನ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಬೆಳೆಯುವ ಪದರ) ತಡೆಯುತ್ತೇನೆ ಅಂದಾಗ ಲ್ಯಾಬ್ ಮೀಟಿಂಗಿನಲ್ಲಿ ಬಂದ ಮೊದಲ ಮಾತೇ ಉಪ್ಪಿನಲ್ಲಿ ಅದು ನಡೆಯಲ್ಲ ಅನ್ನೋದು. ಸುಳ್ಳೇನಲ್ಲ. ಉಪ್ಪು ಕಡಿಮೆ ಇರುವ ತೆಳು ಫಾಸ್ಫೇಟ್ ಬಫರಿನಲ್ಲಿ ಈ 24 ಅಮೈನೋ ಆಮ್ಲದ ಪೆಪ್ಟೈಡ್ ಹುಲಿ. ಫಂಗಸ್ ಬೆಳೆಸುವ, ಉಪ್ಪು ಜಾಸ್ತಿ ಇರುವ ಆರ್‌ಪಿಎಂಐ ಮೀಡಿಯಕ್ಕೆ ಹಾಕಿದರೆ ಇಲಿ.

ನನ್ನ ಲೆಕ್ಕ ಬೇರೆ ಇತ್ತು. ಪೆಪ್ಟೈಡ್ ಮೀಡಿಯದಲ್ಲೆಲ್ಲ ಅಲೆಯುವ ಬದಲು ಫಂಗಸ್ಸಿನ ಗೋಡೆಗೇ ಅಂಟಿ ಕೂತರೆ, ಬೇಕಾದ ಜಾಗದಲ್ಲಿ ಅದು ಜಾಸ್ತಿ ಸೇರುತ್ತೆ ಅಲ್ವಾ? ಅಂಟಿಸೋಕೆ ಬ್ಯಾಕ್ಟೀರಿಯಾ ಬ್ಯಾಸಿಲಸ್ ಸರ್ಕ್ಯುಲನ್ಸ್‌ನ ಕೈಟಿನೇಸ್ ಎ1 ಕಿಣ್ವದಿಂದ ಕೈಟಿನ್ (ಫಂಗಸ್ ಗೋಡೆಯ ಗಟ್ಟಿ ವಸ್ತು) ಹಿಡಿಯುವ ತುಂಡು, ಅಂದರೆ ಡೊಮೈನ್, ತೆಗೆದುಕೊಂಡು ಪೆಪ್ಟೈಡಿಗೆ ಜೋಡಿಸಿದೆ. ಐವತ್ತು ಚಿಲ್ಲರೆ ಅಮೈನೋ ಆಮ್ಲ ಅಷ್ಟೇ. ಹಿಡಿದರೆ ಬಿಡಲ್ಲ.

ಬಿಡಲ್ಲ ಅನ್ನೋದೇ ಮೊದಲ ಪೆಟ್ಟಾಯಿತು. ದುಡ್ಡು ಉಳಿಸುವ ಆಸೆಗೆ ಕೈಟಿನ್ ಬೀಡ್ಸ್ ಮೇಲೇ ಪ್ಯೂರಿಫೈ ಮಾಡಲು ಹೊರಟೆ. ಉಪ್ಪು ಏರಿಸಿದೆ, ಪಿಎಚ್ ಬದಲಿಸಿದೆ, ಒಂದು ಹನಿ ಪ್ರೋಟೀನೂ ಇಳಿಯಲಿಲ್ಲ. ಇಂಟೀನ್ (ತಾನಾಗೇ ಕತ್ತರಿಸಿಕೊಳ್ಳುವ ಪ್ರೋಟೀನ್ ತುಂಡು) ಕಾಲಮ್ಮಿನಲ್ಲಿ ಈ ಡೊಮೈನನ್ನು ಬೀಡಿನಲ್ಲೇ ಬಿಟ್ಟು ಉಳಿದದ್ದನ್ನು ಕತ್ತರಿಸಿಕೊಳ್ಳುತ್ತೇವೆ ಅಂತ ಗೊತ್ತಿದ್ದೂ ಮಾಡಿದ ಕೆಲಸ. ಕೊನೆಗೆ 0.3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಇಳಿಯಿತು. ಇಳಿದದ್ದು ಪ್ರೋಟೀನಿನ ಹೆಣ.

ಸರಿ, ನಿಕಲ್ ಹಿಡಿಯುವ ಹಿಸ್ಟಿಡಿನ್ ಸಾಲು (ಹಿಸ್ ಟ್ಯಾಗ್) ಮತ್ತು ಆಮೇಲೆ ಕತ್ತರಿಸಿ ತೆಗೆಯಬಹುದಾದ ಸಹಾಯಕ ಪ್ರೋಟೀನ್ ಸೂಮೋ ಸೇರಿಸಿ ಹೊಸ ಜೀನ್ ಬರೆಸಿದೆ. ಯುಎಲ್‌ಪಿ1 ಕಿಣ್ವದಿಂದ ಕತ್ತರಿಸಿ, ಸೂಮೋ ತೆಗೆಯೋಣ ಅಂತ ಮತ್ತೆ ನಿಕಲ್ ಕಾಲಮ್ಮಿಗೆ ಬಿಟ್ಟೆ. ನನ್ನ ಪ್ರೋಟೀನೂ ಅದರ ಜೊತೆಗೇ ಕೂತುಬಿಟ್ಟಿತು! ಹಿಸ್ಟಾಟಿನ್-5ರಲ್ಲೇ 7 ಹಿಸ್ಟಿಡಿನ್ ಇದೆ, ಹೆಸರೇ ಹೇಳುತ್ತೆ. ಧನ ಚಾರ್ಜ್ ಇರುವುದನ್ನು ಹಿಡಿಯುವ ಕ್ಯಾಟಯಾನ್ ಎಕ್ಸ್‌ಚೇಂಜಿಗೆ ಬದಲಾಯಿಸಿದ ಮೇಲೆ ಸೂಮೋ ಸುಮ್ನೆ ಹರಿದುಹೋಯಿತು, ನಮ್ಮದು ಉಳಿಯಿತು. ಲೀಟರ್ ಕಲ್ಚರಿಗೆ ಮೂರೋ ನಾಲ್ಕೋ ಮಿಲಿಗ್ರಾಂ ಸಿಗುತ್ತಿತ್ತು. ಅಷ್ಟರಲ್ಲಿ ವರ್ಷದ ಕನ್ಸ್ಯೂಮೆಬಲ್ಸ್ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ತಿಂಗಳು ಐದೇ ಆಗಿದ್ದವು.

ಮೂರನೇ ಜೀನ್ ಬರೆಸಿದ್ದು ಕ್ಯಾಂಡಿಡಾದ ದಯೆಯಿಂದ. ಅದು ಹೊರಬಿಡುವ, ಪ್ರೋಟೀನ್ ಕತ್ತರಿಸುವ ಸ್ಯಾಪ್ ಪ್ರೋಟಿಯೇಸ್‌ಗಳು ಪೆಪ್ಟೈಡ್ ಭಾಗವನ್ನು ಕಡಿದು ಹಾಕುತ್ತಿದ್ದವು. ನಾಲ್ಕು ಗಂಟೆಯ ಸ್ಯಾಂಪಲ್ಲಿನಲ್ಲಿ ಜೆಲ್ಲಿನ ಬ್ಯಾಂಡ್ ಆಗಲೇ ಕೆಳಗೆ ಜಾರಿರುತ್ತಿತ್ತು. 17ನೇ ಲೈಸಿನ್ ತೆಗೆದು ಆರ್ಜಿನಿನ್ ಹಾಕಿದ ಮೇಲೆ ತಡೆದುಕೊಂಡಿತು. ಇದು ತಿಳಿದವರಿಗೆ ಹೊಸದಲ್ಲ. ಎರಡನ್ನೂ ಜೋಡಿಸುವ ಕೊಂಡಿ (ಲಿಂಕರ್) ಎಷ್ಟುದ್ದ, ಯಾವುದು ಮುಂದೆ ಯಾವುದು ಹಿಂದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಒಂದು ದಿನ ಪೆಪ್ಟೈಡ್ ಜಾಗದಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಜೋಡಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಯೀಸ್ಟ್ ಕಣದ ಮೇಲೆ, ಮರಿ ಕಳಚಿಕೊಂಡ ಜಾಗದಲ್ಲಿ, ಪುಟ್ಟ ಹಸಿರು ಬಳೆಗಳು. ಒಂದೊಂದು ಕಣಕ್ಕೆ ಎರಡು ಮೂರು. ಉಳಿದ ಮೈಯೆಲ್ಲ ಕತ್ತಲೆ. ನೋಡೋಕೆ ಚೆಂದ, ಆದರೆ ಹೊಟ್ಟೆ ಉರಿಯಿತು. ಕೈಟಿನ್ ಇರೋದು ಮ್ಯಾನನ್, ಗ್ಲೂಕನ್ ಪದರಗಳ ಅಡಿಯಲ್ಲಿ, ಹಿಡಿಯೋಕೆ ಸಿಗೋದು ಈ ಗಾಯದ ಕಲೆಗಳಲ್ಲಿ ಮಾತ್ರ. ಹಾಗಿದ್ದರೆ ಗ್ಲೂಕನ್ ತಯಾರಿ ತಡೆಯುವ ಔಷಧಿ ಕ್ಯಾಸ್ಪೊಫಂಜಿನ್ ಚೂರು ಕೊಟ್ಟು ನೋಡೋಣ ಅನ್ನಿಸಿತು. ಗ್ಲೂಕನ್‌ಗೆ ಏಟು ಬಿದ್ದರೆ ಈ ಫಂಗಸ್ ಕೈಟಿನ್ ಜಾಸ್ತಿ ಮಾಡಿಕೊಳ್ಳುತ್ತೆ. ಕೊಲ್ಲದಷ್ಟೇ ಡೋಸ್ ಕೊಟ್ಟೆ, ಮರುದಿನ ಬಳೆಗಳ ಜೊತೆ ಇಡೀ ಕಣವೇ ಮಂಕಾಗಿ ಹೊಳೆಯಿತು. ಈ ದಾರಿ ಬೇರೆ ಕಡೆ ಹೋಗುತ್ತೆ, ಸದ್ಯಕ್ಕೆ ಕಟ್ಟಿಟ್ಟಿದ್ದೇನೆ.

ಎಕ್ಸ್‌ಟಿಟಿ ಬಗ್ಗೆ ಒಂದು ಮಾತು, ಬದುಕಿರುವ ಬಯೋಫಿಲ್ಮ್ ಎಷ್ಟಿದೆ ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ ಅದು. ಮೊದಲ ಎರಡು ಪ್ಲೇಟಿನಲ್ಲಿ ಅದ್ಭುತ ರಿಸಲ್ಟ್ ಬಂತು, ಕುಣಿದಾಡಿದೆ. ಆಮೇಲೆ ನೋಡಿದರೆ ಪ್ರೋಟೀನ್ ಹಾಕದ ಕಂಟ್ರೋಲ್ ಬಾವಿಗಳೂ (ಪ್ಲೇಟಿನ ಗುಳಿಗಳು) ಅರ್ಧ ಬೋಳು. ತೊಳೆಯೋಕೆ ಪಿಬಿಎಸ್ ಬಫರ್ ಹಾಕುವಾಗ ಪಿಪೆಟ್ ತುದಿ ನೇರ ತಳಕ್ಕೆ ಹಿಡಿದಿದ್ದೆ. ಬಯೋಫಿಲ್ಮ್ ಹಾಲಿನ ಕೆನೆಯ ಥರ ಒಂದೇ ತುಂಡಾಗಿ ಎದ್ದು ಬರುತ್ತಿತ್ತು. ಈಗ ಬಾವಿಯ ಗೋಡೆಗೆ ತಾಗಿಸಿ, ತುಂಬಾ ನಿಧಾನಕ್ಕೆ ಬಿಡುತ್ತೇನೆ. ಅಂಚಿನ ಬಾವಿಗಳನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಕೊನೆಗೆ ಸಿಕ್ಕಿದ್ದು ಇಷ್ಟು, ನೆನಪಿನಿಂದ ಬರೆಯುತ್ತಿದ್ದೇನೆ. ಫಂಗಸ್ಸನ್ನು 90 ನಿಮಿಷ ಅಂಟಲು ಬಿಟ್ಟು, ತೊಳೆದು, ಆರ್‌ಪಿಎಂಐ ಜೊತೆ ಸುಮಾರು 8 ಮೈಕ್ರೋಮೋಲಾರ್ ಪ್ರೋಟೀನ್ ಹಾಕಿದರೆ 24 ಗಂಟೆಯಲ್ಲಿ ಬಯೋಫಿಲ್ಮ್ ಶೇ. 70ರ ಹತ್ತಿರ ಕಡಿಮೆ. ಬರೀ ಪೆಪ್ಟೈಡ್ ಶೇ. 10 ದಾಟಲಿಲ್ಲ. ಡೊಮೈನ್, ಪೆಪ್ಟೈಡ್ ಎರಡನ್ನೂ ಬಿಡಿಬಿಡಿಯಾಗಿ ಬೆರೆಸಿ ಹಾಕಿದರೂ ಅಷ್ಟೇ. ನನಗೆ ಖುಷಿ ಕೊಟ್ಟದ್ದು ಈ ಕಂಟ್ರೋಲೇ, ಕೆಲಸ ಮಾಡಿದ್ದು ಜೋಡಣೆ ಅಂತ ಅದೇ ಹೇಳಿತು. ಆಗಲೇ ಬಲಿತ ಬಯೋಫಿಲ್ಮ್ ಮೇಲೆ ಮಾತ್ರ ಏನೂ ನಡೆಯಲಿಲ್ಲ. ಬಯೋಫಿಲ್ಮಿನ ಡಿಎನ್ಎ ಕತ್ತರಿಸಲು ಡಿಎನ್‌ಏಸ್ ಸೇರಿಸಿದೆ, ಒಂದು ವಾರ ಹಾಳಾಯಿತು.

ಉಪ್ಪಿನ ಮಾತು ಎತ್ತಿದ್ದವರು ಮೊನ್ನೆ ಬಂದು ಪ್ಲಾಸ್ಮಿಡ್ (ಜೀನ್ ಇರುವ ಡಿಎನ್ಎ ಉಂಗುರ) ಕೇಳಿದರು. ಕೊಟ್ಟೆ. ಎರಡನೇ ಜೀನಿನದ್ದು.