ಗ್ರಂಥಾಲಯಕ್ಕೊಂದು ಪಾಡ್‌ಕಾಸ್ಟ್: ಶುರು ಮಾಡುವುದು ಹೇಗೆ?

ಪಾಡ್‌ಕಾಸ್ಟ್ (ಬೇಕೆಂದಾಗ ಮೊಬೈಲಿನಲ್ಲಿ ಕೇಳಬಹುದಾದ, ಸಂಚಿಕೆಗಳಾಗಿ ಬರುವ ಮಾತಿನ ಕಾರ್ಯಕ್ರಮ) ಮಾಡೋಣ ಅಂದ ಕೂಡಲೇ ಎಲ್ಲರೂ ಮೈಕ್ ಹುಡುಕಲು ಹೊರಡುತ್ತಾರೆ. ಅದು ಆಮೇಲಿನ ಮಾತು. ಮೊದಲು ಒಂದು ಹಾಳೆಯಲ್ಲಿ ಎರಡು ಉತ್ತರ ಬರೆಯಿರಿ: ಇದನ್ನು ಯಾರು ಕೇಳುತ್ತಾರೆ? ಕೇಳಿದ ಮೇಲೆ ಅವರು ಯಾವ ಪುಸ್ತಕ ಹುಡುಕಿಕೊಂಡು ಬರಬೇಕು? ಉತ್ತರ ಹೊಳೆಯದಿದ್ದರೆ ಆ ಸಂಚಿಕೆಯೇ ಬೇಡ. ‘ನಮ್ಮ ಗ್ರಂಥಾಲಯಕ್ಕೆ ಸ್ವಾಗತ’ ಎಂಬ ಭಾಷಣವನ್ನು ಯಾರೂ ಇಯರ್‌ಫೋನ್ ಹಾಕಿಕೊಂಡು ಕೇಳುವುದಿಲ್ಲ. ‘ಗ್ರಹಣದ ಬಗ್ಗೆ ಮಕ್ಕಳಿಗೆ ಮೂರು ಪುಸ್ತಕ’ ಅಂದರೆ ಕೇಳುತ್ತಾರೆ, ಅಲ್ವಾ?

ಮಾತು ಐದರಿಂದ ಹತ್ತು ನಿಮಿಷದೊಳಗೆ ಮುಗಿಯಲಿ. ಪೂರ್ತಿ ಬರೆದುಕೊಂಡು ಓದಿದರೆ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ಮುಖ್ಯ ವಿಷಯಗಳನ್ನಷ್ಟೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಬ್ಬರು ಕೂತು ಹರಟಿದರೆ ಇನ್ನೂ ಸಲೀಸು.

ರೆಕಾರ್ಡಿಂಗ್‌ಗೆ ಆರಂಭದಲ್ಲಿ ಮೊಬೈಲ್ ಸಾಕು. ದನಿ ಕೆಡುವುದು ಹೆಚ್ಚಾಗಿ ಕೋಣೆಯಿಂದ. ಖಾಲಿ ಗೋಡೆಗಳ ನಡುವೆ ಮಾತು ಪ್ರತಿಧ್ವನಿಸುತ್ತದೆ. ಇಲ್ಲಿ ಗ್ರಂಥಾಲಯದವರು ಅದೃಷ್ಟವಂತರು: ಪುಸ್ತಕ ತುಂಬಿದ ಕಪಾಟುಗಳು ಪ್ರತಿಧ್ವನಿಯನ್ನು ತಗ್ಗಿಸುತ್ತವೆ. ಬಾಗಿಲು ಮುಚ್ಚಿದ ಮೇಲೆ ಎರಡು ಕಪಾಟುಗಳ ನಡುವೆಯೇ ಕುಳಿತುಕೊಳ್ಳಿ. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟುಕೊಳ್ಳಿ. ನೇರ ಎದುರಿಗಿದ್ದರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಬಡಿದು ‘ಡಬ್’ ಎನ್ನುತ್ತದೆ. ಮಾತು ಶುರುವಾಗುವ ಮುನ್ನ ಹತ್ತು ಸೆಕೆಂಡ್ ಸುಮ್ನೆ ಕೂತು ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ. ಆಡಾಸಿಟಿಯಂಥ ಉಚಿತ ತಂತ್ರಾಂಶ ಆ ಮಾದರಿ ನೋಡಿಕೊಂಡೇ ಉಳಿದ ಕಡೆಯ ಗುಯ್‌ಗುಟ್ಟುವಿಕೆಯನ್ನು ಕಡಿಮೆ ಮಾಡುತ್ತದೆ.

ಎಡಿಟಿಂಗ್‌ನಲ್ಲಿ ಅತಿ ಮಡಿವಂತಿಕೆ ಬೇಡ. ಒಂದೆರಡು ‘ಅಂ...’ ಇದ್ದರೆ ಮನುಷ್ಯರೇ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಕೊನೆಗೆ ಎಂಪಿ3 ಕಡತವಾಗಿ, ಮೋನೊ (ಒಂದೇ ಧ್ವನಿಪಥ), 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೋಬಿಟ್) ಉಳಿಸಿ. ಬರೀ ಮಾತಿಗೆ ಅಷ್ಟು ಸಾಕು. ಹತ್ತು ನಿಮಿಷದ ಸಂಚಿಕೆ ಸುಮಾರು 5 ಎಂಬಿ ಆಗುತ್ತದೆ, ಕೇಳುವವರ ಡೇಟಾ ಉಳಿಯುತ್ತದೆ.

ಈ ಕಡತವನ್ನು ವೆಬ್‌ಸೈಟಿಗೆ ಏರಿಸಿದ ಮಾತ್ರಕ್ಕೆ ಅದು ಪಾಡ್‌ಕಾಸ್ಟ್ ಆಗುವುದಿಲ್ಲ. ಹೊಸ ಸಂಚಿಕೆ ಕೇಳುಗರ ಆ್ಯಪ್‌ಗೆ ತಾನಾಗಿ ತಲುಪಲು ಆರ್‌ಎಸ್‌ಎಸ್ ಫೀಡ್ ಬೇಕು, ಅಂದರೆ ಸಂಚಿಕೆಗಳ ಪಟ್ಟಿಯನ್ನು ಆ್ಯಪ್‌ಗಳು ಓದಿಕೊಳ್ಳುವಂತೆ ಬರೆದಿಟ್ಟ ಕಡತ. ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಹೋಸ್ಟಿಂಗ್ ಸೇವೆಗಳೇ ಅದನ್ನು ತಯಾರಿಸಿ ಕೊಡುತ್ತವೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಕೈಯಲ್ಲಿ ಪುಸ್ತಕ ಇದೆ ಎಂದ ಮಾತ್ರಕ್ಕೆ ಇಡೀ ಕಥೆಯನ್ನು ಓದಿ ಹಂಚುವ ಹಕ್ಕು ಬರುವುದಿಲ್ಲ. ಹಕ್ಕು ಯಾರದೋ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿ ಆರಿಸಿ. 2005ರಲ್ಲಿ ಶುರುವಾದ, ಉಚಿತ ಧ್ವನಿಪುಸ್ತಕಗಳ ತಾಣ ಲಿಬ್ರಿವಾಕ್ಸ್‌ನ ಸ್ವಯಂಸೇವಕರು ಓದುವುದು ಅಂಥ ಪುಸ್ತಕಗಳನ್ನೇ. ಹಿನ್ನೆಲೆ ಸಂಗೀತಕ್ಕೂ ಇದೇ ಎಚ್ಚರ ಬೇಕು. ಮಕ್ಕಳ ದನಿ ಇದ್ದರೆ ಪೋಷಕರ ಸಹಿ ಇರಲಿ, ಪೂರ್ತಿ ಹೆಸರು ಬೇಡ.

ತರಗತಿಯಲ್ಲಿ ಬಳಸುವ ಮೇಷ್ಟ್ರುಗಳಿಗೆ ಒಂದು ಮಾತು. ನಲವತ್ತು ನಿಮಿಷದ ಸಂಚಿಕೆ ಹಾಕಿ ಕೂತರೆ ಹಿಂದಿನ ಬೆಂಚು ನಿದ್ದೆ ಹೋಗುತ್ತದೆ. ಮೂರ್ನಾಲ್ಕು ನಿಮಿಷದ ತುಣುಕು ಸಾಕು, ಪ್ರಶ್ನೆಯನ್ನು ಮೊದಲೇ ಕೊಟ್ಟಿರಬೇಕು. ಅದಕ್ಕಿಂತ ಜಾಸ್ತಿ ಲಾಭ ಮಕ್ಕಳಿಂದಲೇ ಮಾಡಿಸಿದಾಗ. ಜ್ವಾಲಾಮುಖಿ ಬಗ್ಗೆ ಚಿತ್ರ ತೋರಿಸದೆ ಎರಡು ನಿಮಿಷ ಮಾತಾಡಿ ಅನ್ನಿ. ಅರ್ಥವಾಗದೆ ಬಾಯಿಪಾಠ ಮಾಡಿದ್ದೆಲ್ಲ ಅಲ್ಲೇ ತಡವರಿಸುತ್ತದೆ.

ಪ್ರತಿ ಸಂಚಿಕೆಯ ಮಾತನ್ನು ಬರಹರೂಪದಲ್ಲೂ ಕೊಡಿ. ಕಿವಿ ಕೇಳದವರಿಗೆ ಅದೇ ದಾರಿ, ಹುಡುಕುವವರಿಗೂ ಅನುಕೂಲ. ಆಮೇಲೆ ಗ್ರಂಥಾಲಯಕ್ಕಷ್ಟೇ ಸಾಧ್ಯವಾದ ಕೆಲಸ: ಸಂಚಿಕೆಯನ್ನು ಪುಸ್ತಕದ ಹಾಗೆಯೇ ಕ್ಯಾಟಲಾಗ್‌ಗೆ ಸೇರಿಸಿ. ‘ಗ್ರಹಣ’ ಎಂದು ಹುಡುಕಿದವರಿಗೆ ಪುಸ್ತಕ, ಸಂಚಿಕೆ ಎರಡೂ ಒಟ್ಟಿಗೆ ಸಿಗಲಿ. ಪುಸ್ತಕದ ಒಳಹೊದಿಕೆಗೆ ಕ್ಯೂಆರ್ ಕೋಡ್ ಅಂಟಿಸಿದರೂ ಆಯಿತು.

ಮೂಲ ರೆಕಾರ್ಡಿಂಗನ್ನು ನಿಮ್ಮದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ದೊಡ್ಡ ಕಂಪನಿಗಳ ಸೇವೆಯೂ ಒಂದು ದಿನ ನಿಂತುಹೋಗಬಹುದು: ಪಾಠಗಳ ಆಡಿಯೊ-ವಿಡಿಯೊ ಹಂಚುತ್ತಿದ್ದ ಆ್ಯಪಲ್‌ನ ಐಟ್ಯೂನ್ಸ್ ಯು 2021ರಲ್ಲಿ ನಿಂತಿತು, ಪಾಡ್‌ಕಾಸ್ಟ್ ಕೇಳುವ ಆ್ಯಪ್ ಆಗಿದ್ದ ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ.