ಹೊಳೆ ನೀರಿನಲ್ಲಿ ಏನೂ ಇರಲಿಲ್ಲ: ಬೇಸಿಗೆ ಚಾರಣದ ನನ್ನ ಅನುಭವ

ಕೊಡಗಿನ ನನ್ನ ಹೋಂಸ್ಟೇಗೆ ಬಂದವರಲ್ಲಿ ಕಳೆದ ಮೂರು ಬೇಸಿಗೆಯಲ್ಲಿ ನಾನು ನಮ್ಮ ಮೊಟ್ಟೆ (ಹುಲ್ಲು ಗುಡ್ಡ) ಹತ್ತಿಸಿದವರ ಲೆಕ್ಕ ಹತ್ತಿರ ಹತ್ತಿರ ನಾನೂರು. ಮಾರ್ಚ್, ಏಪ್ರಿಲ್, ಮೇ ಅರ್ಧದವರೆಗೆ. ಬಿಸಿಲು ಹೊಡೆದು ಒಬ್ಬರಿಗೂ ಡ್ರಿಪ್ ಹಾಕಿಸಬೇಕಾಗಿ ಬಂದಿಲ್ಲ. ಕಕ್ಕಬೆ, ನಾಪೋಕ್ಲು ಕಡೆ ಹೋಂಸ್ಟೇ ನಡೆಸುವವರಿಗೆ ಇದರ ಬೆಲೆ ಗೊತ್ತು. ಏಪ್ರಿಲ್ ನಡಿಗೆ ನಿಲ್ಲಿಸಿಬಿಡು ಎಂದು ನನಗೆ ಬುದ್ಧಿ ಹೇಳಿದವರೇ ಈಗ ಫೋನ್ ಮಾಡಿ "ಅದೇನು ಮಾಡ್ತೀರಿ ಮಾರಾಯ್ರೆ" ಎಂದು ಕೇಳುತ್ತಾರೆ. ಅದಕ್ಕೇ ಬರೆಯಲು ಕೂತೆ. ಎಲ್ಲವನ್ನೂ ಬಿಟ್ಟುಕೊಡುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಶುರುವಾಗಿದ್ದು 2019ರ ಮಾರ್ಚ್‌ನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾಗಿತ್ತು. ಆಗ ನಮ್ಮ ನಡಿಗೆ ಹೀಗಿತ್ತು: ಎಂಟು ಗಂಟೆಗೆ ತಿಂಡಿ ಮುಗಿಸಿ ಹೊರಡುವುದು, ತೋಟದ ನೆರಳಿನಲ್ಲಿ ಹೊಳೆಗೆ ಇಳಿಯುವುದು, ಅಲ್ಲಿ ಆಟ, ಕಿತ್ತಳೆ, ಫೋಟೋ. ಹನ್ನೊಂದೂವರೆಗೆ ಹೊಳೆಯಿಂದ ಪೈಸಾರಿ (ಸರ್ಕಾರಿ ಬೀಳು) ಜಾಗದ ಮೊಟ್ಟೆ ಹತ್ತಿ, ಆ ಕಡೆಯಿಂದ ಮನೆಗೆ ಇಳಿಯುವುದು. ಆ ವರ್ಷ ಮೊಟ್ಟೆಗೆ ಬೆಂಕಿ ಬಿದ್ದು ಹುಲ್ಲೆಲ್ಲ ಕಪ್ಪಾಗಿತ್ತು. ಒಂದು ಮರ ಇಲ್ಲ.

ಬೆಂಗಳೂರಿನ ಹುಡುಗ, ಮೂವತ್ತೈದರ ಒಳಗೆ, ಜಿಮ್ ಮೈ. ಅರ್ಧ ಹತ್ತಿದ ಮೇಲೆ ಹೆಂಡತಿಯ ಜೊತೆ ಸುಮ್ನೆ ಜಗಳ ತೆಗೆದ. ಆಮೇಲೆ ಕೆಳಗಿನ ಹೊಳೆ ತೋರಿಸಿ "ಇದು ಯಾವ ಲೇಕ್" ಎಂದ. ಆಮೇಲೆ ಕೂತ. ಚಳಿ ಎಂದ. ನಾನು ಏನು ಮಾಡಿದೆ ಗೊತ್ತಾ? ಬ್ಯಾಗಿನಲ್ಲಿದ್ದ ಶಾಲು ಹೊದಿಸಿದೆ! ಇವತ್ತಿಗೂ ನೆನೆಸಿಕೊಂಡರೆ ನನಗೇ ನಾಚಿಕೆ. ಮೂರು ಜನ ಹೊತ್ತು ಇಳಿಸಿ, ಜೀಪಿಗೆ ಹಾಕಿ, ಆಸ್ಪತ್ರೆ ಮುಟ್ಟುವಾಗ ಒಂದೂವರೆ ಗಂಟೆ ಆಗಿತ್ತು. ಜೀಪಿನ ಗಾಳಿಗೆ ಮೈ ಸ್ವಲ್ಪ ತಣ್ಣಗಾಗಿತ್ತು. ಎರಡು ದಿನ ಇದ್ದು ಮನೆಗೆ ಹೋದ, ದೇವರ ದಯೆ. ಆಸ್ಪತ್ರೆ ಬಿಲ್ಲು, ಅವರ ಗುಂಪಿನ ಪೂರ್ತಿ ಹಣ ವಾಪಸ್, ಎಲ್ಲ ಸೇರಿ ನನ್ನ ಕೈಯಿಂದ ನಲವತ್ತು ಸಾವಿರ ಹೋಯಿತು.

ಆಮೇಲೆ ಶುರುವಾಯಿತು ಊರಿನ ತನಿಖೆ. ಹೆಜ್ಜೇನು ಕಚ್ಚಿರಬೇಕು. ಅಣಬೆ ತಿಂದಿರಬೇಕು. (ಮಾರ್ಚ್‌ನಲ್ಲಿ ಅಣಬೆ ಎಲ್ಲಿಂದ ಬರಬೇಕು?) ಗುಳಿಗ ದೈವಕ್ಕೆ ಕೈ ಮುಗಿಯದೆ ಹೋದಿರಿ. ಹೊಳೆಯ ಮೇಲ್ಗಡೆ ಶುಂಠಿ ಹಾಕಿದ್ದಾರೆ, ಅದರ ಔಷಧಿ ನೀರಿಗೆ ಇಳಿದಿದೆ. ಈ ಕೊನೆಯದನ್ನು ನಾನೂ ನಂಬಿದೆ. ಅವನು ಹೊಳೆ ನೀರು ಕುಡಿದಿದ್ದನ್ನು ನಾನೇ ನೋಡಿದ್ದೆ. ಬಿಸಿಲಿನ ಹೊಡೆತ ಎಂದು ಒಬ್ಬರೂ ಹೇಳಲಿಲ್ಲ. ಯಾಕೆ ಅಂದರೆ ಅವನು ಬೆವರುತ್ತಲೇ ಇದ್ದ. ಬಿಸಿಲು ಹೊಡೆದರೆ ಬೆವರು ನಿಂತು ಮೈ ಒಣಗುತ್ತದೆ ಅಂತ ತಾನೇ ನಾವೆಲ್ಲ ಕಲಿತಿದ್ದು? ಕೂತವರಿಗೆ, ಮುದುಕರಿಗೆ ಹಾಗಾಗಬಹುದು. ಮೈ ದಂಡಿಸುವಾಗ ಹೊಡೆದರೆ ಬೆವರು ಸುರಿಯುತ್ತಲೇ ಇರಬಹುದು. ಅದು ನನಗೆ ತಿಳಿದದ್ದು ಎಷ್ಟೋ ತಡವಾಗಿ.

ನೀರನ್ನು ಎರಡು ಕ್ಯಾನಿನಲ್ಲಿ ತುಂಬಿ ಮೈಸೂರಿನ ಲ್ಯಾಬಿಗೆ ಕಳಿಸಿದೆ. ನಾಲ್ಕೂವರೆಯೋ ಐದೋ ಸಾವಿರ, ಮೂರು ವಾರ ಕಾಯಿಸಿದರು. ಏನೂ ಇಲ್ಲ. ಶುಂಠಿಯವನ ಹತ್ತಿರ ಅಷ್ಟರಲ್ಲಿ ಮಾತು ಬಿಟ್ಟಾಗಿತ್ತು. ಈಗಲೂ ಸರಿ ಹೋಗಿಲ್ಲ.

ಎರಡು ವರ್ಷ ಆಮೇಲೆ, 2021ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಮರಿಪೋಸಾ ಕೌಂಟಿಯ ಸುದ್ದಿ ಬಂತು. ಗಂಡ, ಹೆಂಡತಿ, ಒಂದು ವರ್ಷದ ಮಗು, ನಾಯಿ. ಡೆವಿಲ್ಸ್ ಗಲ್ಚ್ ಹತ್ತಿರ ಬೆಳಿಗ್ಗೆ ನಡೆಯಲು ಹೋದವರು, ಎರಡು ದಿನದ ನಂತರ ದಾರಿಯಲ್ಲೇ ಸತ್ತು ಸಿಕ್ಕರು. ಮೈ ಮೇಲೆ ಗಾಯ ಇಲ್ಲ. ಇಂಟರ್ನೆಟ್ಟಿನಲ್ಲಿ ಏನೇನು ಹೇಳಿದರು ನೋಡಬೇಕಿತ್ತು. ಅಲ್ಲಿ ಹಳೆಯ ಚಿನ್ನದ ಗಣಿಗಳಿವೆ, ವಿಷಗಾಳಿ ಬಂದಿದೆ. ಸಿಡಿಲು ಬಡಿದಿದೆ. ಯಾರೋ ಕೊಂದಿದ್ದಾರೆ. ನದಿಯ ಪಾಚಿಯ ವಿಷ. ಈ ಪಾಚಿಯ ಮಾತಿಗೆ ಸ್ವಲ್ಪ ಆಧಾರವೂ ಇತ್ತು. ಮರ್ಸೆಡ್ ನದಿಯ ಪಾಚಿಯಲ್ಲಿ ಅನಾಟಾಕ್ಸಿನ್ ಎಂಬ ವಿಷ ಸಿಕ್ಕಿತ್ತು. ನಾನು ರಾತ್ರಿ ಹನ್ನೆರಡರವರೆಗೆ ಓದುತ್ತಿದ್ದೆ. ನಮ್ಮ ಶುಂಠಿ ಕತೆಯೇ ಅಲ್ವಾ ಇದು ಅನಿಸಿತು. ಪಾಚಿಯೇ ಇರಬೇಕು ಎಂದು ಹೋಂಸ್ಟೇ ಗೆಳೆಯರ ಹತ್ತಿರ ವಾದವನ್ನೂ ಮಾಡಿದೆ.

ಅಕ್ಟೋಬರ್ 21ಕ್ಕೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಶೆರಿಫ್, ಕಾರಣ ಹೇಳಿದರು. ಮೈ ಕಾದದ್ದು, ಜೊತೆಗೆ ಬಹುಶಃ ನೀರಿನಂಶ ಇಳಿದದ್ದು. ನಾಯಿಯದ್ದು ಮಾತ್ರ ಖಚಿತವಾಗಲಿಲ್ಲ, ಬಿಸಿಲೇ ಇರಬಹುದು ಎಂದರು. ಬಹಳ ಜನ ನಂಬಲಿಲ್ಲ. ಮೂವರೂ, ನಾಯಿಯೂ ಒಟ್ಟಿಗೆ ಬಿಸಿಲಿಗೆ ಸಾಯ್ತಾರಾ? ನಾನು ಆ ದಾರಿಯ ವಿವರ ಮತ್ತೆ ಓದಿದೆ. ಎಂಟರ ಸುಮಾರಿಗೆ ಹೊರಟರು. ತಂಪು ಹೊತ್ತಿನಲ್ಲಿ ನದಿಗೆ ಇಳಿದರು. ಹಿಂತಿರುಗುವ ಕಡಿದಾದ ಏರು ಮಧ್ಯಾಹ್ನದ ಬಿಸಿಲಿಗೆ ಬಿತ್ತು, 42 ಡಿಗ್ರಿ ದಾಟಿತ್ತು. 2018ರ ಕಾಡ್ಗಿಚ್ಚಿನಲ್ಲಿ ಆ ಇಳಿಜಾರಿನ ಮರಗಳೆಲ್ಲ ಸುಟ್ಟಿದ್ದವು. ಅವರ ಹತ್ತಿರ ಇದ್ದದ್ದು ಎರಡೂವರೆ ಲೀಟರ್ ನೀರಿನ ಚೀಲ, ಅದು ಖಾಲಿ. ನೀರು ಮುಗಿದಿದೆ, ಮಗುವಿಗೆ ಸೆಖೆಯಾಗಿದೆ ಎಂದು ಹನ್ನೆರಡರ ಹೊತ್ತಿಗೆ ಕಳಿಸಿದ ಮೆಸೇಜು ಸಿಗ್ನಲ್ ಇಲ್ಲದೆ ಹೋಗಲೇ ಇಲ್ಲ.

ಓದಿ ಫೋನ್ ಕೆಳಗಿಟ್ಟೆ. ಎಂಟಕ್ಕೆ ಹೊರಡುವುದು, ಮೊದಲು ಇಳಿಯುವುದು, ಸುಟ್ಟ ಗುಡ್ಡ, ಮಧ್ಯಾಹ್ನದ ಏರು. ಅದು ನನ್ನದೇ ನಡಿಗೆ. ಇಲ್ಲಿ ಸೆಖೆ ಹತ್ತು ಡಿಗ್ರಿ ಕಡಿಮೆ, ಅಷ್ಟೇ.

ಆ ಹತ್ತು ಡಿಗ್ರಿಯನ್ನೇ ಹಿಡಿದುಕೊಂಡು ಗೆಳೆಯರು ನಕ್ಕರು. ಕೊಡಗಿನಲ್ಲಿ ಬಿಸಿಲಿಗೆ ಯಾರು ಬೀಳ್ತಾರೆ, ರಾಯಚೂರಾ ಇದು? ನಾನು ಹೇಳಿದ್ದು ಇಷ್ಟು. ಹೂಮಳೆ ಆದ ಮೇಲೆ ನಮ್ಮ ಗಾಳಿಯಲ್ಲಿ ನೀರು ಜಾಸ್ತಿ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈ ತಣಿಸುವುದಿಲ್ಲ. 2023ರ ಏಪ್ರಿಲ್‌ನಲ್ಲಿ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಹೋಗಿ ಬಿಸಿಲಲ್ಲಿ ಕೂತವರು ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. ಅಲ್ಲಿ ಯಾರೂ ಗುಡ್ಡ ಹತ್ತುತ್ತಿರಲಿಲ್ಲ.

ಆದರೆ ಗೊತ್ತಾಗುವುದೇ ಬೇರೆ, ಸರಿ ಮಾಡುವುದೇ ಬೇರೆ. 2022ರಲ್ಲಿ ನಾನು ಮಾಡಿದ್ದೆಲ್ಲ ತಪ್ಪು.

ಮೊದಲು ಬೆಳಗಿನ ಜಾವ ನಾಲ್ಕೂವರೆಗೆ ಹೊರಡಿಸಿದೆ. ಎರಡನೆಯ ದಿನವೇ ತೋಟದ ದಾರಿಯಲ್ಲಿ ಆನೆ. ನಮ್ಮಲ್ಲಿ ಅವು ಬೆಳಕು ಹರಿಯುವವರೆಗೆ ತೋಟ ಬಿಡುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು, ನನಗೆ ಮಾತ್ರ ಮರೆತುಹೋಗಿತ್ತು. ಆರು ಜನರನ್ನು ತೋಟದ ಕೆಲಸದವರ ಲೈನ್ ಮನೆಯೊಳಗೆ ಮುಕ್ಕಾಲು ಗಂಟೆ ಕೂರಿಸಿದೆ. ಅವರಿಗೆ ಅದೇ ಖುಷಿಯಾಯಿತು. ನನಗೆ ಜೀವ ಹೋಗಿ ಬಂತು.

ಆಮೇಲೆ ಒಬ್ಬೊಬ್ಬರಿಗೂ ನಾಲ್ಕು ಲೀಟರ್ ನೀರು ಹೊರಿಸಿದೆ. ಹೆಚ್ಚಿನವರು ಭಾರ ಎಂದು ಅರ್ಧ ದಾರಿಯಲ್ಲಿ ಚೆಲ್ಲಿದರು. ಒಬ್ಬ ಹೆಂಗಸು ಮಾತ್ರ ನನ್ನ ಮಾತು ನಂಬಿ ಅಷ್ಟನ್ನೂ ಕುಡಿದರು. ತಲೆನೋವು, ವಾಂತಿ. ವಾಪಸ್ ಬಂದು ತೂಕ ನೋಡಿದರೆ ಹೋಗುವಾಗಿನದಕ್ಕಿಂತ ಮುಕ್ಕಾಲು ಕಿಲೋ ಜಾಸ್ತಿ! ಬರೀ ನೀರು ಕುಡಿದು ಮೈಯ ಉಪ್ಪು ತೆಳುವಾಗಿತ್ತು. ಇದೂ ಸಣ್ಣ ವಿಷಯ ಅಲ್ಲ, ಹೆಚ್ಚಾದರೆ ಜೀವಕ್ಕೇ ಬರುತ್ತದೆ.

ತೂಕದ ಮಾತು ಬಂತು. ಕಾಫಿ ಹಣ್ಣು ತೂಗುವ ಸ್ಕೇಲ್ ಇದೆಯಲ್ಲ, ಅದೇ. ಬೇಸಿಗೆಯಲ್ಲಿ ಅದಕ್ಕೆ ಬೇರೆ ಕೆಲಸ ಇಲ್ಲ. ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನಿಲ್ಲಿಸುತ್ತೇನೆ. ನೂರಕ್ಕೆ ಎರಡು ಇಳಿದರೆ, ಎಂದರೆ ಎಪ್ಪತ್ತು ಕಿಲೋದವನು ಒಂದು ಕಿಲೋ ನಾನೂರು ಗ್ರಾಂ ಕಳೆದುಕೊಂಡರೆ, ಮರುದಿನ ಅವನಿಗೆ ನಡಿಗೆ ಇಲ್ಲ. ನನ್ನ ಸೋದರಳಿಯನನ್ನು ಏಪ್ರಿಲ್‌ನಲ್ಲಿ ಬೇಕೆಂದೇ ಹಳೆಯ ದಾರಿಯಲ್ಲಿ, ಹಳೆಯ ಹೊತ್ತಿಗೆ ಕರೆದುಕೊಂಡು ಹೋದೆ. ಜೊತೆಗೆ ತೋಟದ ಲೆಕ್ಕ ಬರೆಯುವ ರೈಟರ್ ಇದ್ದರು, ಜೀಪು ಕಾಯುತ್ತಿತ್ತು. ಹುಡುಗ 64 ಕಿಲೋ. ಒಂದು ಲೀಟರ್ ಕುಡಿದೂ 1.9 ಇಳಿದ. ಎಂದರೆ ಸುರಿಸಿದ್ದು ಮೂರು ಲೀಟರ್ ಹತ್ತಿರ. ಮರಿಪೋಸಾದ ಆ ಕುಟುಂಬದ ಇಡೀ ಚೀಲದ ನೀರಿಗಿಂತ ಜಾಸ್ತಿಯನ್ನು ಇವನೊಬ್ಬನೇ ಕೊಡಗಿನಲ್ಲಿ ಬೆವರಾಗಿ ಸುರಿಸಿದ್ದ. ಆ ಸಂಜೆಯಿಂದ ನಾನು ಪಾಚಿಯ ಮಾತು ಎತ್ತಿಲ್ಲ.

ಗಾಳಿಯ ಸೆಖೆ, ತೇವ ಎರಡನ್ನೂ ಸೇರಿಸಿ ಲೆಕ್ಕ ತೋರಿಸುವ (ವೆಟ್ ಬಲ್ಬ್) ಒಂದು ಯಂತ್ರವನ್ನೂ ತರಿಸಿದ್ದೆ, ಆರೂವರೆ ಸಾವಿರ. ಮಳೆಗೆ ಸಿಕ್ಕಿ ಸತ್ತಿತು. ಅದರ ಬಗ್ಗೆ ಇಷ್ಟು ಸಾಕು.

ಕೊನೆಗೆ ಕೈಗೆ ಹತ್ತಿದ್ದು ಬಹಳ ಸರಳ. ದಾರಿ ಅದೇ, ಮೊಟ್ಟೆ ಅದೇ. ಗಡಿಯಾರ ತಿರುಗಿಸಿದೆ. ಬೆಳಕು ಹರಿದ ಮೇಲೆ ಜೀಪಿನಲ್ಲೇ ತೋಟ ದಾಟಿಸಿ ಹೊಳೆ ಬುಡಕ್ಕೆ ಬಿಡುತ್ತೇನೆ, ಆರೂಮುಕ್ಕಾಲಿಗೆ. ಆನೆಯ ಚಿಂತೆ ಇಲ್ಲ. ಬೋಳು ಗುಡ್ಡದಲ್ಲಿ ಆನೆ ಇದ್ದರೆ ದೂರದಿಂದಲೇ ಕಾಣುತ್ತದೆ. ನಮ್ಮ ಮೊಟ್ಟೆಯ ಆ ಮಗ್ಗುಲು ಪಶ್ಚಿಮಕ್ಕಿದೆ, ಒಂಬತ್ತರವರೆಗೆ ಗುಡ್ಡದ್ದೇ ನೆರಳು ಅದರ ಮೇಲೆ. ಎಂಟೂವರೆಗೆ ತುದಿ. ಅಲ್ಲಿಂದ ಸಿಲ್ವರ್ ಓಕ್ ನೆರಳಲ್ಲಿ ಮನೆಗೆ ಇಳಿದು, ಹತ್ತೂವರೆಗೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಕೋಳಿ ಸಾರು. ಹೊಳೆ ಸಂಜೆಗೆ, ಅದೂ ಜೀಪಿನಲ್ಲೇ ಹೋಗಿ ಜೀಪಿನಲ್ಲೇ ಬರುವುದು. ಏಳೂಮುಕ್ಕಾಲಿಗೆ ಗುರುತಿನ ಬಂಡೆ ಮುಟ್ಟದವರು ವಾಪಸ್. ಎಷ್ಟು ಹಣ ಕೊಟ್ಟಿದ್ದರೂ ವಾಪಸ್. ಈ ಒಂದು ವಿಷಯಕ್ಕೆ ನನಗೆ ಬೈಗುಳ ಸಿಕ್ಕಷ್ಟು ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ತೂಕ ಈಗ ಐನೂರು, ಆರುನೂರು ಗ್ರಾಂ ಇಳಿಯುತ್ತದೆ. ಅಷ್ಟೇ.

ಹಣದ ಕತೆ ಹೇಳಬೇಕು. ಜೀಪು, ಡೀಸೆಲ್, ಡ್ರೈವರ್ ಎಲ್ಲ ಸೇರಿ ದಿನಕ್ಕೆ ಹದಿನೈದು ನೂರು ಬಿತ್ತು. ನಡಿಗೆಗೆ ತಲೆಗೆ ಆರುನೂರು ತೆಗೆದುಕೊಳ್ಳುತ್ತಿದ್ದೆ, ಒಂಬೈನೂರು ಮಾಡಿದೆ. ರಜೆಯಲ್ಲಿ ಐದೂವರೆಗೆ ಏಳಿಸುತ್ತಾನೆ, ಮೇಲಿಂದ ದುಡ್ಡೂ ಜಾಸ್ತಿ ಎಂದು ಮೊದಲ ಬೇಸಿಗೆ ಗುಂಪುಗಳು ಪಕ್ಕದ ಹೋಂಸ್ಟೇಗೆ ಹೋದವು. ಎಪ್ಪತ್ತು ಎಂಬತ್ತು ಸಾವಿರ ಕಳೆದುಕೊಂಡೆ. ಮನೆಯಲ್ಲಿ ಕೇಳಬಾರದ ಮಾತು ಕೇಳಿದೆ. ಎರಡನೆಯ ವರ್ಷ ಸಮ. ಕಳೆದ ಏಪ್ರಿಲ್ ಒಂದರಲ್ಲೇ ಅರುವತ್ತು ಸಾವಿರ ಉಳಿಯಿತು.

ಸೆಖೆ ತಲೆಗೆ ಏರಿದೆಯೇ ಎಂದು ನೋಡಲು ನಡುವೆ ಮಾತಾಡಿಸುತ್ತೇನೆ. ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳುತ್ತಿದ್ದೆ. ನೂಪುಟ್ಟು (ನಮ್ಮ ಒತ್ತು ಶಾವಿಗೆ) ಎಂದು ಒಬ್ಬರಿಗೂ ಹೇಳಲು ಬರುವುದಿಲ್ಲ, ಎಲ್ಲರೂ ತಲೆಕೆಟ್ಟವರ ಹಾಗೇ ಕಾಣುತ್ತಿದ್ದರು. ಈಗ ಬೇರೆ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಉತ್ತರ ತಪ್ಪಿದರೆ, ಇಲ್ಲವೇ ಸುಮ್ನೆ ಸಿಟ್ಟು ಬಂದರೆ, ಅಲ್ಲೇ ಕೂರಿಸಿ ಬಟ್ಟೆ ಸಡಿಲಿಸಿ ನೀರು ಸುರಿದು ಗಾಳಿ ಹಾಕುವುದು. ಕುಡಿಸುವುದು ಆಮೇಲೆ, ಅದೂ ಎಚ್ಚರ ಸರಿ ಇದ್ದರೆ. ಆಸ್ಪತ್ರೆಗೆ ಹೊರಡುವ ಮೊದಲೇ ತಣಿಸಬೇಕು. ಇದಕ್ಕಾಗಿ ದಾರಿಯಲ್ಲಿ ಎರಡು ಕಡೆ ಇಪ್ಪತ್ತು ಲೀಟರಿನ ಕ್ಯಾನ್ ಬಚ್ಚಿಟ್ಟಿದ್ದೇನೆ. ಎಲ್ಲಿ ಎಂದು ಕೇಳಬೇಡಿ, ಹಿಂದೆ ಹೇಳಿದ್ದಕ್ಕೆ ಕ್ಯಾನೇ ಮಾಯವಾಗಿತ್ತು.

ಕೆಲಸಕ್ಕೆ ಬಾರದ ಪ್ರಯೋಗಗಳೂ ಮಾಡಿದ್ದೇನೆ. ಕೊರೊನಾ ಕಾಲದ ಟೆಂಪರೇಚರ್ ಗನ್ ಇತ್ತಲ್ಲ, ಅದನ್ನು ಮೈ ಬಿಟ್ಟು ವಸ್ತುಗಳ ಸೆಖೆ ಅಳೆಯುವ ಮೋಡ್‌ಗೆ ಹಾಕಿ ಮಧ್ಯಾಹ್ನ ಸುಟ್ಟ ನೆಲಕ್ಕೆ ಹಿಡಿದೆ: 58. ಹತ್ತು ಹೆಜ್ಜೆ ಆಚೆ ಕಾಫಿ ಗಿಡದ ಬುಡದಲ್ಲಿ 29. ನಮ್ಮ ನಾಯಿ ಆ ನೆಲಕ್ಕೆ ಕಾಲಿಡಲೇ ಇಲ್ಲ. ನನಗಿಂತ ಬುದ್ಧಿವಂತ. ಇನ್ನೊಮ್ಮೆ ಮಗು ಹೊರುವ ಬೆನ್ನುಚೀಲದಲ್ಲಿ ಹತ್ತು ಕಿಲೋ ಅಕ್ಕಿ ಹಾಕಿ, ಬೆನ್ನಿಗೂ ಅಕ್ಕಿಗೂ ನಡುವೆ ಥರ್ಮಾಮೀಟರ್ ಇಟ್ಟು ಮೊಟ್ಟೆ ಹತ್ತಿದೆ. ಒಂದು ಗಂಟೆಗೆ 37 ದಾಟಿತ್ತು. ಹೊರಗೆ 31. ಆ ಚೀಲದಲ್ಲಿ ಮಗುವಿದ್ದರೆ ತನ್ನ ಸೆಖೆಯ ಜೊತೆ ಅಪ್ಪನ ಮೈ ಸೆಖೆಯೂ ಅದಕ್ಕೇ. ಅಂದಿನಿಂದ ಮಾರ್ಚ್ ಆದ ಮೇಲೆ ಎರಡು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ. ಆ ಅಕ್ಕಿ ಮನೆಯಲ್ಲಿ ಯಾರೂ ಬೇಯಿಸಲು ಒಪ್ಪಲಿಲ್ಲ, ಕೋಳಿಗೆ ಹೋಯಿತು.

ತುದಿಯಲ್ಲಿ ಕೊಡುವ ಪಾನಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಲ್ಲ, ಉಪ್ಪು, ಎರಡು ಹನಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ). ಇನ್ನೊಂದು ವಸ್ತು ಇದೆ, ಅದು ನನ್ನಲ್ಲೇ ಇರಲಿ. ನಿಮಗೆ ಓಆರ್‌ಎಸ್ ಪುಡಿ ಸಾಕು, ಒಂದು ಲೀಟರಿನ ದೊಡ್ಡ ಪೊಟ್ಟಣವಾದರೆ ಒಂದು ಲೀಟರಿಗೆ ಒಂದು, ಅರ್ಧ ಲೀಟರಿಗಲ್ಲ.

ರಾಯಚೂರಾ ಇದು ಎಂದು ನಕ್ಕಿದ್ದ ಪಕ್ಕದವರು ಈ ಮಾರ್ಚ್‌ನಿಂದ ತಮ್ಮ ಜೀಪನ್ನೂ ಹೊಳೆ ಬುಡಕ್ಕೆ ಕಳಿಸುತ್ತಿದ್ದಾರೆ. ಆರೂವರೆಗೇ ಬಂದು ತಿರುಗಿಸುವ ಜಾಗದಲ್ಲಿ ಅಡ್ಡ ನಿಲ್ಲಿಸಿರುತ್ತಾರೆ. ಮೊನ್ನೆ ಅದನ್ನು ತೆಗೆಸಲು ಹಾರ್ನ್ ಹೊಡೆದು ಹೊಡೆದು ನನ್ನ ಗುಂಪು ಹೊರಡುವಾಗ ಏಳು ಗಂಟೆ. ಬಂಡೆ ಮುಟ್ಟದ ಇಬ್ಬರನ್ನು ವಾಪಸ್ ಕಳಿಸಿದೆ. ಅವರ ಒಂಬೈನೂರು, ಒಂಬೈನೂರು ಯಾರ ಲೆಕ್ಕಕ್ಕೆ ಬರೆಯುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ.